ವರ್ನಾ ಟ್ಯಾಲಿ ಕೈಯಿಡದ ಕೇಸು

ಆ ಆಸ್ಪತ್ರೆಯ ಆಪರೇಷನ್ ವಿಭಾಗದ ಊಟದ ಕೋಣೆಯಲ್ಲಿ ಎರಡು ಮೇಜುಗಳಿದ್ದವು. ಕಿಟಕಿ ಪಕ್ಕದ್ದು ಅರಿವಳಿಕೆ ನರ್ಸುಗಳದ್ದು, ಫ್ರಿಜ್ಜಿನ ಪಕ್ಕದ್ದು ಅರಿವಳಿಕೆ ಸಹಾಯಕರದ್ದು. ಹಾಗೆಂದು ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಹೊಸದಾಗಿ ಸೇರಿದವರು ಮೊದಲ ದಿನ ತಪ್ಪು ಮೇಜಿನಲ್ಲಿ ಬುತ್ತಿ ಬಿಚ್ಚಿದರೆ ಅಲ್ಲಿನ ಮಾತು ನಿಂತುಹೋಗುತ್ತಿತ್ತು, ಅಷ್ಟೇ. ಮಾರನೆಯ ದಿನ ಅವರೇ ಸರಿಯಾದ ಮೇಜು ಹುಡುಕಿಕೊಳ್ಳುತ್ತಿದ್ದರು.

ಹೊರಗಿನವರ ಕಣ್ಣಿಗೆ ಈ ಎರಡು ಪಂಗಡದ ವ್ಯತ್ಯಾಸ ಕಾಣುವಂತಿರಲಿಲ್ಲ. ಇಬ್ಬರದೂ ಅದೇ ನೀಲಿ ಬಟ್ಟೆ, ಅದೇ ಟೋಪಿ. ಇಬ್ಬರೂ ರೋಗಿಯ ತಲೆಯ ಬಳಿ ಅದೇ ಸ್ಟೂಲಿನ ಮೇಲೆ ಕೂತು, ಅದೇ ಔಷಧಿಯಿಂದ ನಿದ್ದೆ ಬರಿಸಿ, ಗಂಟಲಿಗೆ ಕೊಳವೆ ಇಳಿಸಿ, ಆಪರೇಷನ್ ಮುಗಿಯುವವರೆಗೆ ಉಸಿರು ಕಾಯ್ದು, ಎಬ್ಬಿಸಿ ಕಳಿಸುವವರು. ನರ್ಸುಗಳು ಮೊದಲು ವರ್ಷಗಟ್ಟಲೆ ರೋಗಿಗಳ ಹಾಸಿಗೆ ಪಕ್ಕ ಸವೆದು ಆಮೇಲೆ ಅರಿವಳಿಕೆ ಕಲಿತವರು. ಸಹಾಯಕರು ಕಾಲೇಜಿನಲ್ಲಿ ವಿಜ್ಞಾನ ಓದಿ ನೇರವಾಗಿ ಅರಿವಳಿಕೆಗೇ ಬಂದವರು. ನರ್ಸುಗಳು ಸಣ್ಣ ಊರುಗಳಲ್ಲಿ ಅರಿವಳಿಕೆ ವೈದ್ಯನಿಲ್ಲದೆಯೂ ಕೆಲಸ ನಡೆಸುತ್ತಿದ್ದರು. ಸಹಾಯಕರು ಎಲ್ಲಿದ್ದರೂ ಆ ವೈದ್ಯನ ಕೈಕೆಳಗೇ ಇರಬೇಕು.

ಇಷ್ಟೇ ಸಾಕಾಗಿತ್ತು. ನರ್ಸುಗಳ ಮೇಜಿನಲ್ಲಿ ಸಹಾಯಕರಿಗೆ 'ಡಾಕ್ಟರ ಬಾಲ' ಎಂದು ಹೆಸರು. ಸಹಾಯಕರ ಮೇಜಿನಲ್ಲಿ ನರ್ಸುಗಳಿಗೆ 'ಬೆಡ್‌ಪ್ಯಾನ್ ಪಂಡಿತರು' ಎಂದು. ಕೊಳವೆ ಇಳಿಸುವಾಗ ಒಬ್ಬರ ಕೈಯಲ್ಲಿ ರೋಗಿಯ ಹಲ್ಲು ಚೂರು ಮುರಿದರೆ ಇನ್ನೊಂದು ಮೇಜಿಗೆ ಅಂದು ಹಬ್ಬ. ರಾಜ್ಯದ ರಾಜಧಾನಿ ಅಟ್ಲಾಂಟಾದ ಶಾಸನಸಭೆಯಲ್ಲಿ ಇವರ ಹಕ್ಕಿನ ಯಾವುದಾದರೂ ಮಸೂದೆ ಬಂದರೆ ಎರಡೂ ಕಡೆಯವರು ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು, ಡೋನಟ್ ಡಬ್ಬಿ ಹಿಡಿದು ಹೋಗಿ ಶಾಸಕರ ಬಾಗಿಲು ಕಾಯುತ್ತಿದ್ದರು. ಇಬ್ಬರ ಮೇಲೂ ಇದ್ದ ಅರಿವಳಿಕೆ ವೈದ್ಯರು ಮಾತ್ರ ಯಾವ ಮೇಜಿಗೂ ಬರುತ್ತಿರಲಿಲ್ಲ. ಒಬ್ಬೊಬ್ಬ ವೈದ್ಯ ಏಕಕಾಲಕ್ಕೆ ನಾಲ್ಕು ಥಿಯೇಟರುಗಳ ಉಸ್ತುವಾರಿ ಹೊತ್ತು, ನಾಲ್ಕರಲ್ಲೂ ತಾನೇ ಇದ್ದೆನೆಂದು ಸಹಿ ಹಾಕುತ್ತಿದ್ದ. ಕೆಳಗಿನವರು ತಮ್ಮತಮ್ಮಲ್ಲೇ ಕಚ್ಚಾಡುತ್ತಿರುವವರೆಗೆ ಯಾರೂ ತಲೆಯೆತ್ತಿ ತಮ್ಮತ್ತ ನೋಡುವುದಿಲ್ಲ ಎಂಬುದು ಆ ಮಹನೀಯರಿಗೆ ಚೆನ್ನಾಗಿ ಗೊತ್ತಿತ್ತು.

ಕಿಟಕಿ ಮೇಜಿನ ಯಜಮಾನಿ ವರ್ನಾ ಟ್ಯಾಲಿ. ವಯಸ್ಸು ಐವತ್ತು ದಾಟಿತ್ತು. ಗಿಡ್ಡ ಆಳು, ಗಟ್ಟಿ ಕೈ, ಕಡಿಮೆ ಮಾತು. ಅವಳ ತಾಯಿ ಹತ್ತಿ ಗಿರಣಿಯಲ್ಲಿ ದುಡಿದು, ಆ ಧೂಳನ್ನೇ ಉಸಿರಾಡಿ, ಕೊನೆಗೆ ಅಡುಗೆಮನೆಯ ಕುರ್ಚಿಯಲ್ಲಿ ಕೂತೇ ಮಲಗುವ ಸ್ಥಿತಿಗೆ ಬಂದು ಸತ್ತವಳು. ಮಲಗಿದರೆ ಆಕೆಗೆ ಉಸಿರು ಸಿಗುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿ ಆ ಸದ್ದು ಕೇಳುತ್ತಲೇ ಬೆಳೆದ ವರ್ನಾ ನರ್ಸಾದಳು, ಆಮೇಲೆ ಅರಿವಳಿಕೆ ಕಲಿತಳು. ಗಂಡನಾದವನು ಮದುವೆಯಾದ ಕೆಲವೇ ವರ್ಷಕ್ಕೆ ಫ್ಲಾರಿಡಾಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟ. ಅವನ ವಿಷಯ ಎತ್ತಿದರೆ, ಸಮುದ್ರ ಅವನಿಗೆ ಒಗ್ಗಿತು ಅಂತ ಕಾಣುತ್ತೆ ಎಂದಷ್ಟೇ ಹೇಳಿ ಮುಗಿಸುತ್ತಿದ್ದಳು.

ಅವಳ ಬದುಕಿನ ಒಳ್ಳೆಯ ಕಾಲ ಕಳೆದದ್ದು ಪೈನ್ ತೋಪುಗಳ ನಡುವಿನ ಒಂದು ಸಣ್ಣ ಕೌಂಟಿ ಆಸ್ಪತ್ರೆಯಲ್ಲಿ. ಅಲ್ಲಿ ಅರಿವಳಿಕೆ ವೈದ್ಯ ಎಂಬ ಪ್ರಾಣಿಯೇ ಇರಲಿಲ್ಲ, ಇದ್ದವಳು ವರ್ನಾ ಒಬ್ಬಳೇ. ಟ್ರ್ಯಾಕ್ಟರಿನ ಕೆಳಗೆ ಸಿಕ್ಕವರು, ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದವರು, ಅಪೆಂಡಿಕ್ಸ್ ಒಡೆದವರು, ಎಲ್ಲರ ಉಸಿರೂ ಅವಳ ಕೈಯಲ್ಲೇ ಹೋಗಿ ಬಂದಿತ್ತು. ಅಂಗಡಿಗೆ ಹೋದರೆ ಜನ ಟೋಪಿ ತೆಗೆದು ಮಿಸ್ ವರ್ನಾ ಎನ್ನುತ್ತಿದ್ದರು. ಆ ಆಸ್ಪತ್ರೆ ಮುಚ್ಚಿತು. ವರ್ನಾ ಓಕ್ಮಲ್ಗಿ ನದಿ ಪಕ್ಕದ ಊರಿನ ಈ ದೊಡ್ಡ ಆಸ್ಪತ್ರೆಗೆ ಬಂದಳು. ಮೊದಲ ದಿನವೇ, ತನಗಿಂತ ಎಷ್ಟೋ ಚಿಕ್ಕವನಾದ, ಅರಿವಳಿಕೆ ವೈದ್ಯ ಡಾಕ್ಟರ್ ಸ್ಟ್ರಿಕ್‌ಲ್ಯಾಂಡ್ ಬೆನ್ನ ಹಿಂದೆ ನಿಂತು, ಹೆದರಬೇಡಿ, ನಾನಿದ್ದೇನೆ, ಕೊಳವೆ ಇಳಿಸಿ ಎಂದ. ವರ್ನಾ ಕೊಳವೆ ಇಳಿಸಿದಳು, ಮಾತನ್ನೂ ನುಂಗಿಕೊಂಡಳು. ಆದರೆ ನುಂಗಿದ್ದು ಹೊಟ್ಟೆಯಲ್ಲಿ ಕರಗಲಿಲ್ಲ. ಸ್ಟ್ರಿಕ್‌ಲ್ಯಾಂಡ್‌ಗೆ ಎದುರಾಡುವಂತಿರಲಿಲ್ಲ, ಸಂಬಳ ಬರುತ್ತಿದ್ದದ್ದು ಆ ವೈದ್ಯರ ಕಂಪನಿಯಿಂದ. ಆ ಸಿಟ್ಟು ಹೋಗಿ ಕೂತದ್ದು ಫ್ರಿಜ್ಜಿನ ಪಕ್ಕದ ಮೇಜಿನ ಮೇಲೆ. ವೈದ್ಯನ ಬೆನ್ನ ಹಿಂದೆಯೇ ಇರುವುದನ್ನು ಒಪ್ಪಿಕೊಂಡು, ನಗುನಗುತ್ತಾ ಬಂದು ಕೂತ ಆ ಜನರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಲ್ಲಿನ ಒಂದು ಪದ್ಧತಿ ಅವಳೇ ಕಟ್ಟಿದ್ದು. ಅರಿವಳಿಕೆ ಕೊಡುವವರು ರೋಗಿಯನ್ನು ಬಿಟ್ಟು ಕದಲುವಂತಿಲ್ಲ. ಕಾಫಿಗೆ, ಊಟಕ್ಕೆ, ಮೂತ್ರಕ್ಕೆ ಹೋಗಬೇಕಾದರೆ ಇನ್ನೊಬ್ಬರು ಬಂದು ಆ ಸ್ಟೂಲಿನಲ್ಲಿ ಕೂರಬೇಕು. ಇದಕ್ಕೆ ಬದಲಿ ಎನ್ನುವುದು. ವೈದ್ಯನಿಗೆ ತಿಳಿಸಿಯೇ ಬದಲಿ ಆಗಬೇಕೆಂದು ಕಾಗದದ ನಿಯಮ. ನಡೆಯುತ್ತಿದ್ದುದು ಬೇರೆ. ಕಾರಿಡಾರಿನಲ್ಲಿ ಸಿಕ್ಕ ನರ್ಸು ಇನ್ನೊಬ್ಬ ನರ್ಸಿಗೆ ತಾನೇ ಬದಲಿ ನಿಲ್ಲುತ್ತಿದ್ದಳು, ಸಹಾಯಕರು ಸಹಾಯಕರಿಗೆ. ಆದರೆ ಈ ಕಡೆಯವರು ಆ ಕಡೆಯವರಿಗೆ ನಿಲ್ಲಕೂಡದು. ಅವರ ಕೇಸಿಗೆ ಕೈಯಿಡಬೇಡಿ, ನಾಳೆ ಅಲ್ಲಿ ಏನಾದರೂ ಕೆಟ್ಟರೆ ಸುಡುವುದು ನಿಮ್ಮ ಲೈಸೆನ್ಸ್ ಎಂದು ವರ್ನಾ ತನ್ನ ಮೇಜಿನವರಿಗೆಲ್ಲ ಹೇಳಿಕೊಟ್ಟಿದ್ದಳು. ಎಲ್ಲರೂ ಪಾಲಿಸಿದರು. ಸ್ಟ್ರಿಕ್‌ಲ್ಯಾಂಡ್‌ಗೂ ಗೊತ್ತಿತ್ತು. ಗೊತ್ತಿದ್ದೂ ಕಾಣದಂತಿದ್ದ.

ಸಹಾಯಕರ ಮೇಜಿಗೆ ಕೊರೀನ್ ಬ್ರಾಸ್‌ವೆಲ್ ಬಂದದ್ದು ಇದೆಲ್ಲ ಗಟ್ಟಿಯಾಗಿ ಬೇರು ಬಿಟ್ಟ ಮೇಲೆ. ಮೂವತ್ತೆರಡು ಮೂವತ್ತಮೂರರ ಹೆಂಗಸು, ಉದ್ದ ಕುತ್ತಿಗೆ, ಒಳ್ಳೆಯ ಕೈ. ಒಳ್ಳೆಯ ಕೈ ಎಂಬುದನ್ನು ವರ್ನಾ ಮೊದಲ ವಾರವೇ ನೋಡಿ ತಿಳಿದಳು, ಯಾರಿಗೂ ಹೇಳಲಿಲ್ಲ. ಕೊರೀನ್‌ಗೆ ಎರಡು ಮೇಜಿನ ಗೊಡವೆಯೇ ಅರ್ಥವಾಗುತ್ತಿರಲಿಲ್ಲವೋ, ಅರ್ಥವಾದರೂ ಲಕ್ಷ್ಯವಿರಲಿಲ್ಲವೋ, ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದಳು. ಒಮ್ಮೆ ಅವಳನ್ನು ಕೆಲಸ ನೋಡಿ ಕಲಿಯಲೆಂದು ವರ್ನಾಳ ಥಿಯೇಟರಿಗೆ ಕಳಿಸಿದರು. ಪಿತ್ತಕೋಶದ ಆಪರೇಷನ್. ನಡುವೆ ಎಕ್ಸ್‌ರೇ ತೆಗೆಯಬೇಕು, ಎದೆ ಅಲುಗಬಾರದು. ವರ್ನಾ ಉಸಿರಾಟದ ಯಂತ್ರವನ್ನು ನಿಲ್ಲಿಸಿದಳು; ಚಿತ್ರ ತೆಗೆದ ಕೂಡಲೇ ಮತ್ತೆ ಹಾಕಿದಳು.

ನಿಲ್ಲಿಸಿದ್ದನ್ನು ಮತ್ತೆ ಹಾಕುವುದು ಮರೆತುಹೋಗುವುದು ಈ ಕಸುಬಿನ ಹಳೆಯ ಭಯ. ಹೇಳಿದರೆ ಹೊರಗಿನವರು ನಂಬುವುದಿಲ್ಲ. ಆದರೆ ಎಕ್ಸ್‌ರೇ ಸರಿ ಬರಲಿಲ್ಲ, ಇನ್ನೊಂದು ತೆಗೆಯಿರಿ, ದೀಪ ಸರಿಸಿ, ಮೇಜು ಓರೆ ಮಾಡಿ ಎಂದು ಮೂರು ಕಡೆಯಿಂದ ಮಾತು ಬರುವ ಗದ್ದಲದಲ್ಲಿ ಎಂಥ ಅನುಭವಸ್ಥರ ಮನಸ್ಸೂ ಒಂದು ಗಳಿಗೆ ಜಾರುತ್ತದೆ. ಅದಕ್ಕೇ ವರ್ನಾಳ ಗುರು, ಸೈನ್ಯದಲ್ಲಿ ನರ್ಸಾಗಿದ್ದ ಮಿಸ್ ಯೂಲಾ ಎಂಬ ಮುದುಕಿ, ಒಂದು ಅಭ್ಯಾಸ ಕಲಿಸಿದ್ದಳು. ರೋಗಿಯ ಉಸಿರು ನಿಲ್ಲಿಸಿದ ಗಳಿಗೆಯಲ್ಲೇ ನಿನ್ನ ಉಸಿರನ್ನೂ ಬಿಗಿಹಿಡಿ. ನಿನ್ನ ಎದೆ ಗಾಳಿ ಬೇಕು ಎಂದಾಗ ಅವನಿಗೂ ಬೇಕು. ಗಡಿಯಾರ ನೋಡುವುದು ಮರೆಯಬಹುದು, ಎದೆ ಮರೆಯುವುದಿಲ್ಲ. ವರ್ನಾ ತನ್ನ ಕೈಕೆಳಗೆ ಕಲಿತ ಪ್ರತಿಯೊಬ್ಬ ನರ್ಸಿಗೂ ಇದನ್ನು ಬೆನ್ನಿಗೆ ತಟ್ಟಿ ಕಲಿಸಿದ್ದಳು.

ಕೊರೀನ್ ಸೂಕ್ಷ್ಮ ಕಣ್ಣಿನವಳು. ಯಂತ್ರ ನಿಂತಾಗ ವರ್ನಾಳ ತುಟಿ ಬಿಗಿದದ್ದನ್ನು, ಯಂತ್ರ ಹಾಕಿದಾಗ ಮೆಲ್ಲಗೆ ಉಸಿರು ಬಿಟ್ಟದ್ದನ್ನು ಗಮನಿಸಿದ್ದಳು. ಕೇಸು ಮುಗಿದ ಮೇಲೆ, ನೀವು ಉಸಿರು ಹಿಡಿದಿದ್ದಿರಲ್ಲ, ಏಕೆ ಎಂದು ಕೇಳಿದಳು. ವರ್ನಾ ಸಿರಿಂಜುಗಳನ್ನು ಎತ್ತಿಡುತ್ತಾ, ನಾನು ಉಸಿರಾಡುವ ರೀತಿಯೇ ಹಾಗೆ ಎಂದಳು. ಆ ಉತ್ತರವನ್ನು ಕಿಟಕಿ ಮೇಜಿನಲ್ಲಿ ಹೇಳಿಕೊಂಡು ಎಲ್ಲರೂ ನಕ್ಕರು. ವರ್ನಾಳೂ ನಕ್ಕಳು.

ಮುಂದೆ ಎರಡು ವರ್ಷ ಹಾಗೇ ಕಳೆಯಿತು. ಆ ಮಾರ್ಚಿನಲ್ಲಿ ಪೈನ್ ಮರಗಳ ಹಳದಿ ಧೂಳು ಎಂದಿಗಿಂತ ಹೆಚ್ಚಾಗಿ ಉದುರಿ, ಕಾರುಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ದಪ್ಪ ಕೂತಿತ್ತು. ಊರಿನಲ್ಲಿ ಅರ್ಧ ಜನಕ್ಕೆ ತಲೆನೋವು. ಕೊರೀನ್‌ಗೆ ಮೊದಲೇ ಅರೆತಲೆನೋವಿನ ಕಾಟವಿತ್ತು. ಅದು ಬರುವ ಮುಂಚೆ ಕಣ್ಣಿನ ಒಂದು ಬದಿ ಮಸುಕಾಗುತ್ತಿತ್ತು. ಅವಳು ಅದನ್ನು ಮುಚ್ಚಿಟ್ಟಿದ್ದಳು. ರಜೆ ಕೇಳಿದರೆ ಅವಳ ಮೇಜಿನ ಇನ್ನೊಬ್ಬರ ಮೇಲೆ ಆ ದಿನದ ಹೊರೆ ಬೀಳುತ್ತಿತ್ತು, ಸ್ಟ್ರಿಕ್‌ಲ್ಯಾಂಡ್ ಮುಖ ಗಂಟು ಹಾಕುತ್ತಿದ್ದ.

ಆ ತಿಂಗಳ ಒಂದು ದಿನ ಕೊರೀನ್ ಇದ್ದ ಥಿಯೇಟರಿನಲ್ಲಿ ಮಲಗಿದ್ದವಳು ಓಡೆಸಾ ಮಿಂಟರ್, ಶಾಲೆಯೊಂದರ ಊಟದ ಮನೆಯಲ್ಲಿ ಅಡುಗೆ ಮಾಡುವಾಕೆ. ಪಿತ್ತಕೋಶದಲ್ಲಿ ಕಲ್ಲು. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬಹುದೇ ಎಂದು ಬೆಳಿಗ್ಗೆ ಕೇಳಿ ಎಲ್ಲರನ್ನೂ ನಗಿಸಿದ್ದಳಂತೆ.

ವರ್ನಾ ತನ್ನ ಕೇಸು ಮುಗಿಸಿ, ಒಳಕಾರಿಡಾರಿನಲ್ಲಿ ಊಟಕ್ಕೆ ಹೊರಟಿದ್ದಳು. ಅರಿವಳಿಕೆ ಯಂತ್ರದ ಮಗ್ಗುಲಲ್ಲೇ ಇದ್ದ ಒಳಬಾಗಿಲು ತೆರೆದು ಕೊರೀನ್ ತಲೆ ಹೊರಗೆ ಹಾಕಿದಳು. ಒಂದು ಕೈ ಇನ್ನೂ ಯಂತ್ರದ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು.

"ಮಿಸ್ ವರ್ನಾ, ಎರಡೇ ನಿಮಿಷ ನಿಂತ್ಕೊಳ್ತೀರಾ? ತಲೆನೋವು ಬರ್ತಿದೆ, ಒಂದು ಕಡೆ ಏನೂ ಕಾಣ್ತಿಲ್ಲ. ಮಾತ್ರೆ ಲಾಕರಲ್ಲಿದೆ, ತಗೊಂಡ್ಬಿಟ್ಟು ಬಂದ್ಬಿಡ್ತೀನಿ."

"ಸ್ಟ್ರಿಕ್‌ಲ್ಯಾಂಡ್‌ಗೆ ಫೋನ್ ಮಾಡು."

"ಮಾಡ್ದೆ. ಹೆರಿಗೆ ಕಡೆ ಸಿಕ್ಕಾಕ್ಕೊಂಡಿದಾರೆ, ರಕ್ತ ಹೋಗ್ತಿದೆಯಂತೆ. ಹತ್ತು ನಿಮಿಷ ಅಂದ್ರು."

"ಹಾಗಾದ್ರೆ ಹತ್ತು ನಿಮಿಷ ತಡ್ಕೋ. ನಿಮ್ಮ ಕೇಸಿಗೆ ನಾನು ಕೈಯಿಡಲ್ಲ ಅಂತ ಗೊತ್ತಲ್ಲ ನಿನಗೆ."

ಕೊರೀನ್ ತಲೆಯನ್ನು ಒಳಗೆಳೆದುಕೊಂಡಳು. ಬಾಗಿಲು ಮುಚ್ಚಿಕೊಂಡಿತು. ಆ ಕ್ಷಣ ಒಳಗೆಲ್ಲೋ ಒಂದು ಸಣ್ಣ ಖುಷಿಯಾದದ್ದು ವರ್ನಾಳಿಗೆ ಆಮೇಲೆ ಚೆನ್ನಾಗಿ ನೆನಪಿತ್ತು. ಇವರಿಗೆಲ್ಲ ಡಾಕ್ಟರೇ ಬೇಕಲ್ಲ, ಈಗ ಬರಲಿ ಡಾಕ್ಟರು, ಎಂಬಂಥ ಖುಷಿ. ಅವಳು ಊಟದ ಕೋಣೆಗೆ ಹೋಗಿ, ಕಿಟಕಿ ಪಕ್ಕ ಕೂತು, ಚೀಸ್ ಹಚ್ಚಿದ ಸ್ಯಾಂಡ್‌ವಿಚ್ ಬಿಚ್ಚಿದಳು.

ಒಳಗೆ ನಡೆದದ್ದು ಅವಳಿಗೆ ತಿಳಿದದ್ದು ಆಮೇಲೆ. ಸರ್ಜನ್ ಎಕ್ಸ್‌ರೇ ಕೇಳಿದ. ಕೊರೀನ್ ಯಂತ್ರ ನಿಲ್ಲಿಸಿದಳು, ಅದು ಕಿರುಚದಂತೆ ಎಚ್ಚರಿಕೆಯ ಸದ್ದನ್ನೂ ಅಡಗಿಸಿದಳು. ಎಲ್ಲರೂ ಹಾಗೇ ಮಾಡುತ್ತಾರೆ, ಸರ್ಜನ್‌ಗಳಿಗೆ ಆ ಸದ್ದು ಆಗದು. ಮೊದಲ ಚಿತ್ರ ಸರಿ ಬರಲಿಲ್ಲ. ಇನ್ನೊಂದಕ್ಕೆ ಎಕ್ಸ್‌ರೇ ಯಂತ್ರ ಸರಿಸುತ್ತಿರುವಾಗ ಕೊರೀನ್‌ಗೆ ವಾಂತಿ ಒತ್ತಿಕೊಂಡು ಬಂದು, ಕಸದ ಬುಟ್ಟಿಗೆ ಬಾಗಿದಳು. ಎದ್ದಾಗ ತಲೆ ಸೀಳುತ್ತಿತ್ತು, ಪರದೆಯ ಅರ್ಧ ಭಾಗ ಅವಳ ಪಾಲಿಗೆ ಇರಲೇ ಇಲ್ಲ. ಯಂತ್ರದ ಗುಂಡಿ ಇದ್ದದ್ದು ಆ ಕಾಣದ ಅರ್ಧದಲ್ಲಿ. ರಕ್ತ ಕಪ್ಪಾಗುತ್ತಿದೆಯಲ್ಲ ಎಂದು ಸರ್ಜನ್ ಕೂಗಿದಾಗ ಅವಳು ಕೊಳವೆ ಜಾರಿದೆಯೆಂದುಕೊಂಡಳು. ಕೊಳವೆ ನೋಡಿದಳು, ಎದೆಗೆ ಕಿವಿಗೊಟ್ಟಳು, ಆಮ್ಲಜನಕದ ಪೈಪು ನೋಡಿದಳು. ಎಲ್ಲವನ್ನೂ ನೋಡಿದಳು, ಅದೊಂದನ್ನು ಬಿಟ್ಟು.

ಹೃದಯ ನಿಂತಿತೆಂಬ ಕರೆ ಗೋಡೆಯ ಸ್ಪೀಕರಿನಲ್ಲಿ ಕೇಳಿದಾಗ ವರ್ನಾ ಸ್ಯಾಂಡ್‌ವಿಚ್ ಅಲ್ಲೇ ಬಿಟ್ಟು ಓಡಿದಳು. ಇದನ್ನೂ ಹೇಳಬೇಕು, ಅವಳು ಎಲ್ಲರಿಗಿಂತ ಮೊದಲು ಓಡಿದಳು. ಅಂಥ ಕರೆ ಬಂದಾಗ ಯಾರ ಕೇಸು ಎಂದು ಯಾರೂ ಕೇಳುವುದಿಲ್ಲ. ಬಾಗಿಲಲ್ಲೇ ಅವಳಿಗೆ ಕಂಡದ್ದು ಅಲುಗದೆ ಬಿದ್ದಿದ್ದ, ಉಸಿರು ತಳ್ಳುವ ಯಂತ್ರದ ತಿದಿ. ಕೊರೀನ್‌ಳನ್ನು ಪಕ್ಕಕ್ಕೆ ತಳ್ಳಿ ಗುಂಡಿ ತಿರುಗಿಸಿದಳು. ಔಷಧಿ ಕೊಟ್ಟಳು, ಎದೆ ಒತ್ತಿದಳು, ಒತ್ತಿಸಿದಳು. ಓಡೆಸಾಳ ಹೃದಯ ತಿರುಗಿ ಬಡಿಯಿತು. ಆದರೆ ಓಡೆಸಾ ತಿರುಗಿ ಬರಲಿಲ್ಲ. ಕೆಲವು ವಾರಗಳ ನಂತರ ಕಣ್ಣು ತೆರೆದಳು, ಆ ಕಣ್ಣಿಗೆ ಗಂಡನೂ ಒಂದೇ ಗೋಡೆಯೂ ಒಂದೇ. ಊರಾಚೆಯ ಆರೈಕೆ ಮನೆಯೊಂದಕ್ಕೆ ಅವಳನ್ನು ಕಳಿಸಿದರು.

ಅಂದು ಸಂಜೆ ಕಾರಿನ ಮೇಲಿನ ಹಳದಿ ಧೂಳನ್ನು ಒರೆಸುತ್ತಾ ನಿಂತಿದ್ದ ವರ್ನಾಳಿಗೆ ಮಿಸ್ ಯೂಲಾ ಹೇಳಿಕೊಟ್ಟದ್ದು ನೆನಪಾಯಿತು. ಉಸಿರು ಬಿಗಿಹಿಡಿಯಲು ಕಣ್ಣು ಬೇಕಿಲ್ಲ. ಕುರುಡರೂ ಹಿಡಿಯಬಹುದು, ತಲೆ ಸಿಡಿಯುತ್ತಿರುವವರೂ ಹಿಡಿಯಬಹುದು. ಕೊರೀನ್ ಬಾಯಿಬಿಟ್ಟು ಕೇಳಿದ್ದಳು. ಎರಡು ಸಲ ಕೇಳಿದ್ದಳು, ಒಮ್ಮೆ ಉಸಿರಿನ ವಿಷಯ, ಒಮ್ಮೆ ಎರಡು ನಿಮಿಷ. ಎರಡು ಸಲವೂ ತಾನು ಕೊಡಲಿಲ್ಲ. ವರ್ನಾ ಬಟ್ಟೆ ಹಿಂಡಿ, ಕಾರಿನ ಗಾಜನ್ನೂ ಒರೆಸಿ, ಮನೆಗೆ ಹೋದಳು.

ವಿಚಾರಣೆ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ನಡೆಯಿತು. ಉದ್ದ ಮೇಜು, ನೀರಿನ ಹೂಜಿ, ವಕೀಲರು. ವರ್ನಾಳನ್ನು ನೀವು ಯಾವಾಗ ಒಳಗೆ ಹೋದಿರಿ, ಏನು ನೋಡಿದಿರಿ, ಏನು ಮಾಡಿದಿರಿ ಎಂದು ಕೇಳಿದರು. ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅದಕ್ಕೆ ಮೊದಲು ಕೊರೀನ್ ನಿಮ್ಮಲ್ಲಿ ಮಾತಾಡಿದಳೇ ಎಂದು ಯಾರೂ ಕೇಳಲಿಲ್ಲ. ಕೇಳಲಿ ಎಂದು ಒಂದು ಮನಸ್ಸು ಕಾಯುತ್ತಿತ್ತು, ಕೇಳದಿರಲಿ ಎಂದು ಇನ್ನೊಂದು. ಸ್ಟ್ರಿಕ್‌ಲ್ಯಾಂಡ್, ಫೋನ್ ಬಂದದ್ದು ನಿಜ, ಆದರೆ ಹುಷಾರಿಲ್ಲ ಎಂದು ಆಕೆ ಹೇಳಲಿಲ್ಲ, ಬದಲಿ ಬೇಕು ಎಂದಷ್ಟೇ ಹೇಳಿದಳು ಎಂದ. ಸುಳ್ಳೋ ನಿಜವೋ, ರಕ್ತ ಹೋಗುತ್ತಿದ್ದ ಬಾಣಂತಿಯ ಪಕ್ಕ ನಿಂತು ಅವನು ಎಷ್ಟು ಕೇಳಿಸಿಕೊಂಡನೋ ದೇವರಿಗೇ ಗೊತ್ತು.

ವರ್ನಾಳನ್ನು ಬದಲಿ ಕೇಳಿದ್ದೆ ಎಂದು ಕೊರೀನ್ ಕೂಡ ಹೇಳಲಿಲ್ಲ. ವರ್ನಾಳಿಗೆ ಇದು ಆಶ್ಚರ್ಯ. ಕಾರಿಡಾರಿನ ನೀರಿನ ನಲ್ಲಿಯ ಬಳಿ ಇಬ್ಬರೂ ಎದುರಾದರು. ಕೊರೀನ್‌ಳ ಮುಖ ಕಾಯಿಲೆಯಿಂದ ಎದ್ದವರಂತಿತ್ತು.

"ನಿಮ್ಮನ್ನ ಕೇಳಿದ್ದೆ ಅಂದ್ರೆ, ಹುಷಾರಿಲ್ಲ ಅಂತ ನಿನಗೆ ಮೊದ್ಲೇ ಗೊತ್ತಿತ್ತು ಅಂತಾರಂತೆ," ಎಂದಳು. "ಗೊತ್ತಿದ್ದೂ ಕೂತಿದ್ದೆ ಅಂತಾರಂತೆ. ನಮ್ಮ ಲಾಯರು ಬಾಯಿ ಬಿಡ್ಬೇಡ ಅಂದ್ರು." ನೀರು ಕುಡಿದು ಬಾಯಿ ಒರೆಸಿಕೊಂಡಳು. "ನೀವು ಹೇಳಿದ್ರೆ ಬೇರೆ ಮಾತು."

ವರ್ನಾ ಹೇಳುತ್ತೇನೆ ಎನ್ನಲಿಲ್ಲ, ಹೇಳುವುದಿಲ್ಲ ಎಂದೂ ಎನ್ನಲಿಲ್ಲ. ಕೊರೀನ್ ಕಾದು, ಹೊರಟುಹೋದಳು. ಆ ತಿಂಗಳೇ ಅವಳ ಕೆಲಸ ಹೋಯಿತು, ಆಮೇಲೆ ಲೈಸೆನ್ಸ್ ಹೋಯಿತು. ಆ ಆಸ್ಪತ್ರೆಯಲ್ಲಿ ಸಹಾಯಕರನ್ನು ಹೊಸದಾಗಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಇದ್ದವರು ಒಬ್ಬೊಬ್ಬರಾಗಿ ಜಾಗ ನೋಡಿಕೊಂಡರು. ಸ್ಟ್ರಿಕ್‌ಲ್ಯಾಂಡ್‌ಗೆ ಏನೂ ಆಗಲಿಲ್ಲ. ಒಂದು ದಿನ ನರ್ಸುಗಳು ಫ್ರಿಜ್ಜಿನ ಪಕ್ಕದ ಮೇಜನ್ನು ಎಳೆದು ತಂದು ಕಿಟಕಿ ಪಕ್ಕದ್ದಕ್ಕೆ ಜೋಡಿಸಿದರು. ಆ ದಿನ ಕೇಕು ತರಿಸಿದ್ದರು.

ಮರುವರ್ಷ ಶಾಸನಸಭೆಯ ಸಮಿತಿಯೆದುರು ಮಾತಾಡಲು ನರ್ಸುಗಳ ಸಂಘದವರು ವರ್ನಾಳನ್ನೇ ಕಳಿಸಿದರು. ಅವಳು ಬಿಳಿ ಕೋಟು ತೊಟ್ಟು ಹೋಗಿ, ಹೆಸರು ಹೇಳದೆ ಓಡೆಸಾಳ ಕಥೆ ಹೇಳಿದಳು. ಉಸಿರಾಟದ ಯಂತ್ರವನ್ನು ಹಾಕಲು ಮರೆತ ಸಹಾಯಕಿಯ ಕಥೆ ಕೇಳಿ ಶಾಸಕರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿಂದಿರುಗುವಾಗ ಬಸ್ಸಿನಲ್ಲಿ ಎಲ್ಲರೂ ಅವಳ ಬೆನ್ನು ತಟ್ಟಿದರು. ಅವಳು ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಬಂದವಳಂತೆ ಕೂತಳು. ಸುಳ್ಳು ಒಂದನ್ನೂ ಹೇಳಿರಲಿಲ್ಲ, ಮೈಮೇಲೆ ಮಾತ್ರ ಕೊಳಕು ಕೂತಂತಾಗಿತ್ತು. ಅಂದಿನಿಂದ ಎಕ್ಸ್‌ರೇಗೆಂದು ಯಂತ್ರ ನಿಲ್ಲಿಸಿ ಉಸಿರು ಬಿಗಿಹಿಡಿದಾಗಲೆಲ್ಲ ಅವಳಿಗೆ ಕೊರೀನ್ ಮುಚ್ಚಿಕೊಂಡ ಆ ಬಾಗಿಲು ಕಾಣುತ್ತಿತ್ತು.

ಇಷ್ಟೇ ಆಗಿದ್ದರೆ ವರ್ನಾ ಹೇಗೋ ಹೊತ್ತುಕೊಂಡು ಸಾಯುತ್ತಿದ್ದಳೋ ಏನೋ. ಆದರೆ ರೂಫಸ್ ಮಿಂಟರ್ ಇದ್ದ.

ರೂಫಸ್ ಓಡೆಸಾಳ ಗಂಡ. ಜೇಡಿಮಣ್ಣಿನ ಗಣಿಯಲ್ಲಿ ಲಾರಿ ಓಡಿಸಿ ನಿವೃತ್ತನಾದವನು, ಉಗುರಿನ ಸಂದಿಯಲ್ಲಿ ಆ ಬಿಳಿಮಣ್ಣು ಇನ್ನೂ ಇದೆಯೇನೋ ಅನ್ನಿಸುವಂಥ ಕೈ. ನಿಮ್ಮ ಹೆಂಡತಿಯ ಹೃದಯವನ್ನು ಮತ್ತೆ ನಡೆಸಿದವಳು ಮಿಸ್ ವರ್ನಾ ಎಂದು ಆಸ್ಪತ್ರೆಯಲ್ಲಿ ಯಾರೋ ಅವನಿಗೆ ಹೇಳಿದ್ದರು. ಅದು ನಿಜವೂ ಆಗಿತ್ತು. ಓಡೆಸಾಳಿಗೆ ಹಾಗಾದ ವರ್ಷದ ಕ್ರಿಸ್‌ಮಸ್ ಹತ್ತಿರ ಬಂದಾಗ ಅವನು ವರ್ನಾಳ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ನೀಲಿ ಅಂಚಿನ ತಟ್ಟೆ, ಅದರಲ್ಲಿ ಪೆಕಾನ್ ಬೀಜ ಹಾಕಿ ಬೇಯಿಸಿದ ಸಿಹಿ, ಪೆಕಾನ್ ಪೈ. ಓಡೆಸಾ ಪ್ರತಿ ಕ್ರಿಸ್‌ಮಸ್‌ಗೂ ಬೇಕಾದವರಿಗೆಲ್ಲ ಮಾಡಿ ಕೊಡುತ್ತಿದ್ದಳು, ಈ ಸಲ ನಾನೇ ಮಾಡಿದೆ, ಅಂಚು ಸೀದಿದೆ, ಬೇಜಾರು ಮಾಡಿಕೊಳ್ಳಬೇಡಿ ಎಂದ. ವರ್ನಾಳಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಒಂದು ತುಂಡನ್ನೂ ತಿನ್ನಲಾಗಲಿಲ್ಲ. ಆಸ್ಪತ್ರೆಗೆ ಒಯ್ದಳು, ಜೋಡಿಸಿದ ಮೇಜಿನ ಮೇಲೆ ಅದು ಅರ್ಧ ಗಂಟೆಯೂ ಉಳಿಯಲಿಲ್ಲ. ತಟ್ಟೆ ತೊಳೆದು ರೂಫಸ್‌ಗೆ ಮುಟ್ಟಿಸಿದಳು.

ಎರಡನೆಯ ವರ್ಷ ಪೈ ಒಳಗೆ ಹಸಿಯಾಗಿತ್ತು. ಮೂರನೆಯ ವರ್ಷ ಪರವಾಗಿಲ್ಲ ಅನ್ನುವಂತಾಯಿತು. ಪ್ರತಿ ಸಲವೂ ರೂಫಸ್ ಬಾಗಿಲಲ್ಲೇ ನಿಂತು ಓಡೆಸಾಳ ಸಮಾಚಾರ ಹೇಳುತ್ತಿದ್ದ. ಬೆನ್ನು ಹುಣ್ಣಾಗದಂತೆ ಹೊಸ ಹಾಸಿಗೆ ಹಾಕಿದ್ದಾರೆ, ಚರ್ಚಿನ ಹೆಂಗಸರು ಬಂದು ಹಾಡಿದರೆ ಕಣ್ಣು ಪಿಳುಕಿಸುತ್ತಾಳೆ, ಅದು ಕೇಳಿಸಿಯೋ ಸುಮ್ಮನೆಯೋ ಗೊತ್ತಿಲ್ಲ, ಎಂದೆಲ್ಲ. ವರ್ನಾ ಬಾಗಿಲ ಚೌಕಟ್ಟು ಹಿಡಿದು ಕೇಳುತ್ತಿದ್ದಳು. ಪ್ರತಿ ಸಲವೂ ಇಂದು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದಳು, ಅವನು ಮೆಟ್ಟಿಲಿಳಿದ ಮೇಲೆ ಬಾಗಿಲು ಹಾಕುತ್ತಿದ್ದಳು. ಹೇಳಿದರೆ ತಾನು ಕಟ್ಟಿದ್ದೆಲ್ಲ ಕುಸಿಯುತ್ತಿತ್ತು. ಮೇಜು, ಸಂಘ, ಲೈಸೆನ್ಸ್, ಮಿಸ್ ವರ್ನಾ ಎಂಬ ಹೆಸರು. ಹೇಳದಿದ್ದರೆ ಕುಸಿಯುತ್ತಿದ್ದವಳು ಇನ್ನೊಬ್ಬಳು, ಅವಳು ಕಣ್ಣೆದುರಿಗಿರಲಿಲ್ಲ.

ನಾಲ್ಕನೆಯ ವರ್ಷ ರೂಫಸ್ ಬಂದಾಗ ಪೈ ಅಂಗಡಿಯ ಗಾಜಿನಲ್ಲಿ ಇಡುವ ಹಾಗಿತ್ತು. ಓಡೆಸಾಳ ಕೈ ಬಂತು ನೋಡಿ ಎಂದ, ಹೆಮ್ಮೆಯಿಂದ. ವರ್ನಾ ಮೊದಲ ಸಲ ಒಳಗೆ ಕರೆದಳು, ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ತಟ್ಟೆ ಮೇಜಿನ ಮೇಲೆ ಇಬ್ಬರ ನಡುವೆ ಇತ್ತು. ರೂಫಸ್ ಬಹಳ ಹೊತ್ತು ಕಪ್ಪಿನಲ್ಲಿ ಚಮಚ ತಿರುಗಿಸಿದ. ಆಮೇಲೆ, ಆ ಬ್ರಾಸ್‌ವೆಲ್ ಎಂಬ ಹೆಂಗಸು ಎಲ್ಲಿದ್ದಾಳೆಂದು ಗೊತ್ತಾಯಿತು ಎಂದ. ಪಕ್ಕದ ಊರಿನ ನಾಯಿ ಆಸ್ಪತ್ರೆಯಲ್ಲಿ ಗೂಡು ತೊಳೆಯುತ್ತಾಳಂತೆ. ಕ್ಷಮಿಸು ಎಂದು ಪಾದ್ರಿ ಪ್ರತಿ ಭಾನುವಾರ ಹೇಳುತ್ತಾರೆ, ತನ್ನಿಂದಾಗದು, ಒಮ್ಮೆ ಅಲ್ಲಿಗೆ ಹೋಗಿ ಅವಳ ಮುಖಕ್ಕೇ ಅಂದು ಬರಬೇಕು ಎಂದ. ಅದಕ್ಕೆ ಮೊದಲು ಒಂದು ಮಾತು ಕೇಳಬೇಕಿತ್ತಂತೆ.

"ನೀವು ಅಲ್ಲಿದ್ರಿ, ಮಿಸ್ ವರ್ನಾ. ಹುಷಾರಿಲ್ಲ ಅಂದ್ಮೇಲೆ ಯಾರನ್ನಾದ್ರೂ ಒಬ್ರನ್ನ ಕರೀಬೇಕು ಅಂತ ಅವಳಿಗೆ ಅನ್ನಿಸ್ಲೇ ಇಲ್ವಾ?"

ಅವನು ಕೇಳಿದ್ದು ಆರೋಪದ ದನಿಯಲ್ಲಲ್ಲ. ನಿಜಕ್ಕೂ ತಿಳಿಯದೆ ಕೇಳಿದ. ವಿಚಾರಣೆಯ ಉದ್ದ ಮೇಜಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ವರ್ನಾ ತನ್ನ ಕಪ್ಪನ್ನು ಕೆಳಗಿಟ್ಟಳು.

"ಕರೆದ್ಲು," ಎಂದಳು. "ನನ್ನನ್ನೇ ಕರೆದ್ಲು. ಎರಡು ನಿಮಿಷ ನಿಂತ್ಕೊಳ್ಳಿ ಅಂದ್ಲು. ನಾನು ಆಗಲ್ಲ ಅಂದೆ."

"ಬೇರೆ ಕೇಸಲ್ಲಿದ್ರಾ?"

"ಇಲ್ಲ. ಊಟಕ್ಕೆ ಹೋಗ್ತಿದ್ದೆ. ಅವರ ಕೇಸಿಗೆ ನಾವು ಕೈಯಿಡ್ತಿರಲಿಲ್ಲ. ಅದು ನಮ್ಮ... ಅದು ನಾನೇ ಮಾಡಿದ್ದು, ಮಿಸ್ಟರ್ ಮಿಂಟರ್."

ರೂಫಸ್‌ಗೆ ಅರ್ಥವಾಗಲು ಹೊತ್ತು ಹಿಡಿಯಿತು. ವರ್ನಾ ಎರಡು ಮೇಜುಗಳ ಕಥೆ ಹೇಳಿದಳು, ಡಾಕ್ಟರ ಬಾಲ, ಬೆಡ್‌ಪ್ಯಾನ್ ಪಂಡಿತರು ಎಲ್ಲವನ್ನೂ ಹೇಳಿದಳು. ಅವಳ ಬಾಯಿಂದ ಹೊರಬಿದ್ದಂತೆ ಅದೆಲ್ಲ ಶಾಲೆ ಮಕ್ಕಳ ಜಗಳದಂತೆ ಕೇಳಿಸಿತು. ಮುಗಿದ ಮೇಲೆ ರೂಫಸ್ ಒಂದೇ ಕೇಳಿದ, ನಮ್ಮವಳ ಹೆಸರು ಆಗ ನಿಮಗೆ ಗೊತ್ತಿತ್ತೇ ಎಂದು. ಗೊತ್ತಿರಲಿಲ್ಲ ಎಂದಳು ವರ್ನಾ. ಒಳಗೆ ಮಲಗಿದ್ದವರು ಯಾರು ಎಂದು ತಾನು ಯೋಚಿಸಲೇ ಇಲ್ಲ ಎಂದಳು. ನಾಳೆಯೇ ಆಸ್ಪತ್ರೆಗೆ ಹೋಗಿ ಇದನ್ನೆಲ್ಲ ಹೇಳುತ್ತೇನೆ, ಕೊರೀನ್‌ಗೂ ಹೇಳುತ್ತೇನೆ ಎಂದಳು.

ರೂಫಸ್ ಎದ್ದು ಕೋಟು ಹಾಕಿಕೊಂಡ. ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.

"ನಾಲ್ಕು ವರ್ಷ ಆ ಹುಡುಗಿಗೆ ಶಾಪ ಹಾಕಿದೀನಿ," ಎಂದ. "ನಾಲ್ಕು ವರ್ಷ ನಿಮಗೆ ಪೈ ಮಾಡ್ಕೊಟ್ಟಿದೀನಿ."

ಬೈದಿದ್ದರೆ ವರ್ನಾ ತಡೆದುಕೊಳ್ಳುತ್ತಿದ್ದಳು. ರೂಫಸ್ ಮೇಜಿನತ್ತ ಬಾಗಿ, ಕತ್ತರಿಸದ ಪೈ ಇದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ತಟ್ಟೆ ಓಡೆಸಾಳದು," ಎಂದ, ವಿವರಣೆ ಕೊಡುವವನಂತೆ.

ಬಾಗಿಲು ತೆರೆಯಲು ಅವನಿಗೆ ಕೈ ಬಿಡುವಿರಲಿಲ್ಲ. ವರ್ನಾ ಹೋಗಿ ತೆರೆದಳು. ಅವನು ಮೆಟ್ಟಿಲು ನೋಡಿಕೊಂಡು ಮೆಲ್ಲಗೆ ಇಳಿದು, ತನ್ನ ಗಾಡಿಯ ಪಕ್ಕದ ಸೀಟಿನ ಮೇಲೆ ತಟ್ಟೆಯಿಟ್ಟು, ಅದು ಜಾರದಂತೆ ತನ್ನ ಟೋಪಿಯನ್ನು ಒತ್ತುಕೊಟ್ಟ. ಆಮೇಲೆ ಮನೆಯ ಕಡೆಗಾಗಲಿ ಆರೈಕೆ ಮನೆಯ ಕಡೆಗಾಗಲಿ ತಿರುಗದೆ, ಆ ನಾಯಿ ಆಸ್ಪತ್ರೆಯಿದ್ದ ಪಕ್ಕದ ಊರಿನ ರಸ್ತೆ ಹಿಡಿದ.